"ಮತ್ತ ಬಂದ್ರ?" ಅನ್ನೋ ಅಂಜಿಕೆ ಹೋಯ್ತಾ ಅಂತ ಕೇಳುವವರಿಗೆ

"ಅಕ್ಕಾರ, ಮತ್ತ ಬಂದ್ರ ಅಂತ ಅಂಜಿಕಿ ಆಗೂದಿಲ್ಲೇನ್ರಿ?"

ಮದುವೆ ಮನೆಯಲ್ಲಿ ಕೇಳುತ್ತಾರೆ, ಚಿಗರಿ ಬಸ್ಸಿನಲ್ಲಿ ಪಕ್ಕ ಕೂತು ಕೇಳುತ್ತಾರೆ, ಫೋನ್ ಮಾಡಿ ಅರ್ಧ ಗಂಟೆ ಬೇರೆ ಏನೇನೋ ಮಾತಾಡಿ ಕೊನೆಗೆ ಕೇಳುತ್ತಾರೆ. ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕಿಮೋ, ನಮ್ಮ ಕಡೆ ಕರೆಂಟು ಅಂತಾರಲ್ಲ ಆ ರೇಡಿಯೇಷನ್, ಎಲ್ಲಾ ಮುಗಿದು ಆರು ವರ್ಷ ಆಯಿತು. ಕೇಳುವವರೂ ಹೆಚ್ಚಾಗಿ ಇದೇ ದಾರಿ ದಾಟಿ ಬಂದವರು. ಅದಕ್ಕೇ ನಿಜ ಹೇಳುತ್ತೇನೆ. ಆಗುತ್ತದೆ. ಈಗಲೂ ಆಗುತ್ತದೆ.

ಚಿಕಿತ್ಸೆ ನಡೆಯುವಾಗ ಇಷ್ಟು ಭಯ ಇರಲಿಲ್ಲ. ಆಗ ದಿನಾ ಏನಾದರೂ ಇರುತ್ತಿತ್ತು, ಡಾಕ್ಟರು, ನರ್ಸು ಸುತ್ತ ಇರುತ್ತಿದ್ದರು. "ಇನ್ನು ಮೂರು ತಿಂಗಳು ಬಿಟ್ಟು ಬನ್ನಿ" ಅಂದ ದಿನ ಮನೆಯವರು ಪೇಢಾ ಹಂಚಿದರು, ನನಗೆ ಆವತ್ತೇ ಶುರುವಾಯಿತು. ಬೆನ್ನು ನೋವು ಬಂದರೆ ಎಲುಬಿಗೆ ಹೋಯಿತಾ, ಕೆಮ್ಮು ಬಂದರೆ ಶ್ವಾಸಕೋಶಕ್ಕೆ ಹೋಯಿತಾ. "ಏನೂ ಆಗೂದಿಲ್ಲ, ಧೈರ್ಯ ತಗೋ" ಅನ್ನುವವರು ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಹಾಗಂದ ಕೂಡಲೇ ನನ್ನ ಬಾಯಿ ಮುಚ್ಚಿಹೋಗುತ್ತಿತ್ತು.

ನನಗೆ ಉಪಯೋಗಕ್ಕೆ ಬಂದದ್ದು ಮೈಂಡ್‌ಫುಲ್‌ನೆಸ್. ಈಗ ಏನು ನಡೆಯುತ್ತಿದೆಯೋ ಅದನ್ನು ಸುಮ್ನೆ ಗಮನಿಸುವುದು. 1979ರಲ್ಲಿ ಜಾನ್ ಕಬಾಟ್-ಜಿನ್ ಅನ್ನುವವರು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬೌದ್ಧರ ಧ್ಯಾನದಿಂದ ಇದನ್ನು ತೆಗೆದುಕೊಂಡು ರೋಗಿಗಳಿಗೆ ತರಬೇತಿ ಶುರು ಮಾಡಿದರು. ಮುಂದೆ ಸ್ತನ ಕ್ಯಾನ್ಸರ್ ದಾಟಿದ ಹೆಂಗಸರ ಮೇಲೂ ಅಧ್ಯಯನ ಮಾಡಿದಾಗ, ಮತ್ತೆ ಬಂದೀತು ಅನ್ನೋ ಭಯ ಇದರಿಂದ ಕಡಿಮೆ ಆದದ್ದು ಕಂಡಿತು.

ಆದರೆ ಕಣ್ಣು ಮುಚ್ಚಿ ಕೂತರೆ ನನಗೆ ಭಯ ಜಾಸ್ತಿಯೇ ಆಯಿತು. ಹೇಳಿಕೊಡುತ್ತಿದ್ದ ಮೇಡಂ "ಹಂಗಾದ್ರ ಕೂಡಬ್ಯಾಡ್ರಿ, ದಿನಾ ಮಾಡೋ ಒಂದ ಕೆಲಸ ಹಿಡೀರಿ" ಅಂದರು. ನಾನು ರೊಟ್ಟಿ ಹಿಡಿದೆ. ಎಸರು ಹಾಕಿದ ಜೋಳದ ಹಿಟ್ಟಿನ ಬಿಸಿ ಅಂಗೈಗೆ ತಾಗುವುದು, ನಾದುತ್ತಾ ಹೋದಂತೆ ಅದು ಮೆತ್ತಗಾಗುವುದು, ಬಡಿಯುವಾಗಿನ ಟಪಟಪ, ಅಂಚು ಒಡೆಯದ ಹಾಗೆ ಬೆರಳಲ್ಲಿ ಸರಿಮಾಡುತ್ತಾ ತಿರುಗಿಸುವುದು. ಕಂಕುಳಿನ ಗ್ರಂಥಿ ತೆಗೆದ ಎಡಗೈ ಮೂರನೇ ರೊಟ್ಟಿಗೆ ಜಗ್ಗುತ್ತದೆ. ಜಗ್ಗಿದ ಕೂಡಲೇ ಮನಸ್ಸು "ಬಂತಾ?" ಅನ್ನುತ್ತದೆ. ಮೊದಲಾಗಿದ್ದರೆ ಅಲ್ಲಿಂದ ಮಗಳ ಮದುವೆಗೆ ನಾನಿರಲ್ಲ ಅನ್ನುವ ತನಕ ಹೋಗಿಬಿಡುತ್ತಿದ್ದೆ, ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಈಗ "ಕೈ ಜಗ್ಗುತ್ತಿದೆ, ಅಂಜಿಕೆ ಬಂದಿದೆ" ಅಂದುಕೊಳ್ಳುತ್ತೇನೆ. ಓಡಿಸಲು ಹೋಗುವುದಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತೇನೆ. ಇನ್ನೆರಡು ರೊಟ್ಟಿ ಆಗುವಷ್ಟರಲ್ಲಿ ಅಂಜಿಕೆ ಸಡಿಲಾಗುತ್ತದೆ. ಕೆಲವು ದಿನ ಆಗುವುದಿಲ್ಲ.

ಇದರಿಂದ ರೋಗ ಬರೋದು ತಪ್ಪುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಗುಳಿಗೆ ಬಿಡಬೇಡಿ, ಚೆಕಪ್ ಬಿಡಬೇಡಿ. ಹೊಸ ಗಂಟು ಕಂಡರೆ, ನೋವು ವಾರಗಟ್ಟಲೆ ಹೋಗದಿದ್ದರೆ ಗಮನಿಸುತ್ತಾ ಕೂಡಬೇಡಿ, ಡಾಕ್ಟರಿಗೆ ತೋರಿಸಿ. ಊಟ, ನಿದ್ದೆ ಎರಡೂ ಕೆಟ್ಟಿದ್ದರೆ ಧಾರವಾಡದ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗೆ ಹೋಗೋದರಲ್ಲಿ ನಾಚಿಕೆ ಏನಿದೆ?

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಮ್ಯಾಮೊಗ್ರಾಂಗೆ, ಅಂದರೆ ಸ್ತನದ ಎಕ್ಸ್‌ರೇಗೆ, ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಹಾವೇರಿ ಕಡೆಯ ಹೆಣ್ಣುಮಗಳು, ಮೊದಲನೇ ವರ್ಷದ ಚೆಕಪ್ಪಂತೆ, ಫೈಲು ಎದೆಗೆ ಒತ್ತಿ ಹಿಡಿದಿದ್ದಳು. "ಅಕ್ಕಾ, ಕೈಕಾಲು ನಡುಗಾಕ ಹತ್ಯಾವು" ಅಂದಳು. "ನನ್ನವೂ ನಡುಗತಾವ ತಂಗಿ," ಅಂದೆ, "ಚಪ್ಪಲಿ ಬಿಚ್ಚಿ ಪಾದ ನೆಲಕ್ಕ ಊರು. ನೆಲ ತಣ್ಣಗ ಐತೇನು ನೋಡು." ಅವಳು ಬಿಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು "ಹೌದ್ರಿ, ತಣ್ಣಗ ಐತಿ" ಅಂದಳು. ಒಳಗೆ ಹೆಸರು ಕೂಗುವ ತನಕ ಇಬ್ಬರೂ ಹಾಗೇ ಕೂತಿದ್ದೆವು.