ಒಳ್ಳೆಮೆಣಸು

ಬೆಳಿಗ್ಗೆ ಸಾರಿನ ಪುಡಿಗೆ ಹುರಿಯುತ್ತಾ ಇದ್ದೆ. ಹಿಂದಿನಿಂದ ಅಮ್ಮನ ದನಿ, "ಒಳ್ಳೆಮೆಣಸು ಇನ್ನೊಂದು ಚಮಚ ಹಾಕು ಮಗಾ."

ಹುಟ್ಟಿದಾಗಿನಿಂದ ಕೇಳಿದ ಮಾತು. ಇವತ್ತು ಮಾತ್ರ ಆ 'ಒಳ್ಳೆ'ಯಲ್ಲಿ ಮನಸ್ಸು ಸಿಕ್ಕಿಕೊಂಡಿತು.

ನಮಗೆ ಮೆಣಸು ಅಂದರೆ ಮೊದಲು ಈ ಕಪ್ಪು ಕಾಳೇ. ಕೆಂಪಗಿನ ಮೆಣಸಿನಕಾಯಿ ಬಂದದ್ದು ಆಮೇಲೆ, ಅಮೆರಿಕ ಖಂಡದಿಂದ, ಪೋರ್ಚುಗೀಸರ ಹಡಗಿನಲ್ಲಿ. ಬಂದದ್ದು ನಮ್ಮ ಕಾಳಿನ ಹೆಸರನ್ನೇ ತೊಟ್ಟುಕೊಂಡಿತು ನೋಡಿ. 1492ರಲ್ಲಿ ಕೊಲಂಬಸ್ ಹೊರಟದ್ದು ಏಷ್ಯಾದ ಸಂಬಾರ ಪದಾರ್ಥ ಹುಡುಕಿಕೊಂಡು, ಸಿಕ್ಕಿದ್ದು ಈ ಕಾಯಿ, ಸ್ಪೇನಿನವರೂ ಅದಕ್ಕೆ ಕಾಳುಮೆಣಸಿನ ಹೆಸರನ್ನೇ ತಿರುಚಿ ಇಟ್ಟರು. ಎರಡು ದಡದಲ್ಲೂ ಒಂದೇ ಕತೆ, ಅಲ್ವಾ?

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದೂ ಈ ಕಾಳಿನ ಆಸೆಗೇ. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅಂತಲೇ ಕರೆದರು. ಶಾಲೆಯಲ್ಲಿ ಗಾಮನ ಇಸವಿ ಬಾಯಿಪಾಠ ಮಾಡಿಸಿದರು, ಈ ರಾಣಿಯ ಹೆಸರು ಒಮ್ಮೆಯೂ ಕಿವಿಗೆ ಬೀಳಲಿಲ್ಲ. ಅದು ನನಗೆ ಈಗಲೂ ಬೇಜಾರು.

ಬಾಣಲೆಯಲ್ಲಿ ಎರಡನ್ನೂ ಒಟ್ಟಿಗೆ ನೋಡುತ್ತಾ ನಿಂತೆ. ಸುಕ್ಕು ಸುಕ್ಕಾದ ಬ್ಯಾಡಗಿ ಮೆಣಸಿನಕಾಯಿ ಬಿಸಿಗೆ ಉಬ್ಬಿ ಮಿರಮಿರ ಹೊಳೆಯುತ್ತಿತ್ತು. ಸಮುದ್ರ ದಾಟಿ ಬಂದ ಗಿಡ ಅಂತ ಯಾರು ನಂಬುತ್ತಾರೆ, ಈಗ ಅದಕ್ಕೆ ಹಾವೇರಿ ಜಿಲ್ಲೆಯ ಊರಿನ ಹೆಸರು. ಅದರಡಿ ಕಪ್ಪು ಕಾಳುಗಳು ಒಂದೊಂದಾಗಿ ಚಟ್ ಅಂತ ಸಿಡಿಯುತ್ತಿದ್ದವು.

"ಯಾಕಮ್ಮಾ ಇದಕ್ಕೆ ಒಳ್ಳೆಮೆಣಸು ಅಂತಾರೆ?" ಕೇಳಿದೆ.

"ಕೆಮ್ಮಿಗೆ ಒಳ್ಳೇದಲ್ವಾ. ಉರಿ ಸಣ್ಣ ಮಾಡು, ಸೀದು ಹೋಗುತ್ತೆ."