ಇಪ್ಪತ್ತೆರಡು ಮಾರು ನೀರು

ಚುಕ್ಕಾಣಿ ಎಂಬ ಪದವನ್ನು ಹದಿನೆಂಟು ವರ್ಷದಿಂದ ಪಾಠ ಮಾಡುತ್ತಾ ಬಂದಿದ್ದೇನೆ. ಅದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಲು ನನಗೆ ಬರುವುದಿಲ್ಲ ಎಂದು ಗೊತ್ತಾಗಿದ್ದು 2025ರ ಜನವರಿಯ ಒಂದು ಶುಕ್ರವಾರ, ಎಂಟನೇ ತರಗತಿಯಲ್ಲಿ.

ಅಂದಿನ ಪಾಠದಲ್ಲಿ ಒಂದು ಹಡಗು ಬರುತ್ತಿತ್ತು. ಹಾಯಿ, ಲಂಗರು, ಚುಕ್ಕಾಣಿ, ಉಬ್ಬರ, ಇಳಿತ ಎಂದು ಪದ ಬರೆದು ಎದುರಿಗೆ ಅರ್ಥ ಬರೆಸುತ್ತಿದ್ದೆ. ‘ಚುಕ್ಕಾಣಿ: ಹಡಗನ್ನು ನಡೆಸುವ ಸಾಧನ.’ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

“ಮಿಸ್, ಅದು ಹಡಗಿನ ಮುಂದೆ ಇರ್ತೈತೋ ಹಿಂದೆ ಇರ್ತೈತೋ?”

ನನಗೆ ಗೊತ್ತಿರಲಿಲ್ಲ. ನಾನು ಕಂಡ ಚುಕ್ಕಾಣಿಯೆಲ್ಲ ಪತ್ರಿಕೆಯಲ್ಲಿ ಕಂಡದ್ದು. ಯಾರೋ ಪಕ್ಷದ ಚುಕ್ಕಾಣಿ ಹಿಡಿಯುತ್ತಾರೆ, ಇನ್ಯಾರೋ ರಾಜ್ಯದ ಚುಕ್ಕಾಣಿ ಬಿಡುತ್ತಾರೆ. ಅದಕ್ಕೊಂದು ಆಕಾರ ಉಂಟು, ಅದು ಮರದ್ದೋ ಕಬ್ಬಿಣದ್ದೋ ಇರಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. “ಸೋಮವಾರ ಹೇಳ್ತೀನಿ, ಕೂತ್ಕೊಳಮ್ಮ” ಎಂದೆ. ಆಕೆ ಕೂತಳು. ಬೆಲ್ ಹೊಡೆಯುವವರೆಗೂ ನನಗೆ ಅವಳ ಕಡೆ ನೋಡಲಾಗಲಿಲ್ಲ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಐಮಂಗಲದ ಸುತ್ತಿನ ಊರು. ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಕಡಲು ಇಲ್ಲಿಂದ ಸುಮಾರು 200 ಕಿಲೋಮೀಟರ್. ನನ್ನ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಅದನ್ನು ಕಂಡವರು ಇಬ್ಬರು. ನಾನು ಕಂಡದ್ದು ಒಂದೇ ಸಲ, ಬಿ.ಎಡ್. ಓದುವಾಗ ಮಲ್ಪೆಯಲ್ಲಿ, ಅದೂ ಅರ್ಧ ದಿನ.

ಅದೇ ವಾರ ನನ್ನ ಚಿಕ್ಕಪ್ಪನ ಮಗ ರಜೆಗೆ ಬಂದಿದ್ದ. ಸರಕು ಹಡಗಿನ ಎಂಜಿನ್ ವಿಭಾಗದಲ್ಲಿ ಅವನಿಗೆ ಕೆಲಸ. ರಾತ್ರಿ ಊಟಕ್ಕೆ ಕೂತಾಗ ಶಾಲೆಯಲ್ಲಿ ನಡೆದದ್ದನ್ನು ಹೇಳಿದೆ. ಅವನು ಅನ್ನ ಕಲಸುವ ಕೈ ನಿಲ್ಲಿಸಿ, “ಅಕ್ಕ, ಭಾನುವಾರ ಆ ಹುಡುಗೀನ ಕರ್ಕೊಂಡು ಬಾ. ಮಾರಿಕಣಿವೆ ಕೋಡಿ ಬಿದ್ದೈತಲ್ಲ, ಅಲ್ಲೇ ತೋರ್ಸೋಣ” ಎಂದ. ಅಪ್ಪ ತಾನೂ ಬರುತ್ತೇನೆಂದರು. ಹುಡುಗಿಯ ಅವ್ವನಿಗೆ ಹೇಳಿಕಳಿಸಿದೆ. ಅವರು ಸೇವಂತಿಗೆ ಕಟ್ಟಿ ಹಿರಿಯೂರಿಗೆ ಹಾಕುವವರು. ಭಾನುವಾರದ ಹೂವನ್ನು ನಸುಕಿಗೇ ಕಟ್ಟಿ ಮುಗಿಸಿ, ಮಗಳ ಜೊತೆ ತಾವೂ ಹೊರಟು ಬಂದರು.

ಮಾರಿಕಣಿವೆ ಕೋಡಿ ಬೀಳುವುದೆಂದರೆ ನಮ್ಮ ಕಡೆ ಅದೊಂದು ಹಬ್ಬ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಕಟ್ಟೆ ಹಾಕಿ ಮೈಸೂರು ಸಂಸ್ಥಾನ ಈ ಜಲಾಶಯವನ್ನು 1907ರಲ್ಲಿ ಮುಗಿಸಿತು; ರೀಜೆಂಟ್ ಆಗಿದ್ದ ಮಹಾರಾಣಿಯವರ ಗೌರವಕ್ಕೆ ವಾಣಿವಿಲಾಸ ಸಾಗರ ಎಂದು ಹೆಸರಿಟ್ಟರು. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಅಪ್ಪ ಹುಟ್ಟಿ, ಬೆಳೆದು, ಮುದುಕರಾಗುವವರೆಗೂ ಅವರಿಗೆ ಅದು ಬರೀ ಬಾಯಿಮಾತಿನ ಸುದ್ದಿ. ಹಾಗಾಗಿ ಆ ಬೆಳಿಗ್ಗೆ ಕಣಿವೆ ಮಾರಮ್ಮನಿಗೆ ಕೈಮುಗಿದು ಏರಿಯ ಮೇಲೆ ನಿಂತಾಗ ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಹುಡುಗಿಯೇ ಮೊದಲು ಕೇಳಿದಳು.

“ತಾತ, ಎಷ್ಟು ಆಳ ಐತೆ?”

“ಕಟ್ಟೆ ಅಳತೇಲಿ ನೂರಮೂವತ್ತು ಅಡಿ ಕಣವ್ವ. ಮಾರಿನ ಲೆಕ್ಕದಲ್ಲಿ ಇಪ್ಪತ್ತೆರಡಕ್ಕೆ ಒಂಚೂರು ಕಮ್ಮಿ.”

ತಮ್ಮ ಗಕ್ಕನೆ ಅಪ್ಪನ ಕಡೆ ತಿರುಗಿದ. “ದೊಡ್ಡಪ್ಪ, ಮಾರು ಅಂದ್ರೆ ಆರಡೀನಾ?”

ಅಪ್ಪ ಎರಡೂ ಕೈ ಚಾಚಿ ನಿಂತರು. ನಲವತ್ತು ವರ್ಷ ಬಾವಿ ತೋಡಿಸಿದ ಮೇಸ್ತ್ರಿ ಅವರು, ಎತ್ತರದ ಆಳು. ಈ ಸೀಮೆಯಲ್ಲಿ ಅವರು ಇಳಿಯದ ಬಾವಿ ಕಡಿಮೆ. ಹಗ್ಗವನ್ನು ಎದೆಯ ಮುಂದೆ ಒಂದು ಕೈ ತುದಿಯಿಂದ ಇನ್ನೊಂದು ಕೈ ತುದಿಗೆ ಎಳೆದರೆ ಒಂದು ಮಾರು. ತಮ್ಮ ಹೋಗಿ ಕಾರಿನಿಂದ ಟೇಪು ತಂದು ಹಿಡಿದ. ಆರಡಿಗೆ ಒಂದು ಇಂಚು ಕಮ್ಮಿ.

“ಅಕ್ಕ, ಇದು ಫ್ಯಾದಮ್. ಸಮುದ್ರದ ಆಳದ ಅಳತೆ. ಅದೂ ಆರಡೀನೇ. ಆ ಇಂಗ್ಲಿಷ್ ಪದದ ಮೂಲ ಅರ್ಥಾನೂ ಚಾಚಿದ ಎರಡು ತೋಳು ಅಂತಾನೇ.”

ಹುಡುಗಿಯ ಅವ್ವ ಅಲ್ಲಿಯವರೆಗೂ ಸೆರಗು ಹೊದ್ದು ಸುಮ್ಮನೆ ನಿಂತಿದ್ದವರು, “ನಾವು ಹೂವ ಮಾರೋದೂ ಅದ್ರಾಗೇ ಅಲ್ಲೇನಪ್ಪ” ಎಂದರು.

ಆ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಸೇವಂತಿಗೆಯನ್ನು ಅಳೆಯುವ ಕೈಯಿಂದಲೇ ಲೋಕದ ನಾವಿಕರು ಕಡಲನ್ನೂ ಅಳೆದಿದ್ದಾರೆ. ತುದಿಗೆ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಡುತ್ತಿದ್ದರಂತೆ. ಗುಂಡು ತಳ ಮುಟ್ಟಿದ ಮೇಲೆ ಎಳೆದುಕೊಳ್ಳುತ್ತಾ ಮಾರು ಹಾಕುವುದು. ಗುಂಡಿನ ಅಡಿಯಲ್ಲಿ ಒಂದು ಕುಳಿ, ಕುಳಿಯಲ್ಲಿ ಕೊಬ್ಬು ಮೆತ್ತಿರುತ್ತಿದ್ದರು. ತಳದಲ್ಲಿರುವುದು ಮರಳೋ ಕೆಸರೋ ಚಿಪ್ಪಿನ ಚೂರೋ, ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತಿತ್ತು. ಚಾಲೆಂಜರ್ ಎಂಬ ಹಡಗು 1872ರಿಂದ 1876ರವರೆಗೆ ಲೋಕದ ಸಾಗರಗಳನ್ನು ಸುತ್ತಿದ್ದು ಹೀಗೆ ಗುಂಡು ಇಳಿಬಿಡುತ್ತಲೇ. 1875ರಲ್ಲಿ ಪೆಸಿಫಿಕ್‌ನ ಮರಿಯಾನಾ ಕಂದಕದ ಬಳಿ ಅದರ ಹಗ್ಗ 4,475 ಮಾರು ಇಳಿಯಿತು. ಈಗ ಹಡಗಿನಿಂದ ಶಬ್ದ ಕಳಿಸಿ ಅದರ ಮಾರ್ದನಿ ಬರುವ ಹೊತ್ತನ್ನು ಎಣಿಸುತ್ತಾರೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಹಾಗೆ ಎಣಿಸಿದರೆ ಆ ಕಂದಕದ ಅತಿ ಆಳದ ಜಾಗ ಸುಮಾರು ಆರು ಸಾವಿರ ಮಾರು.

“ಆರು ಸಾವ್ರ ಮಾರು” ಎಂದು ಅಪ್ಪ ಮೆಲ್ಲಗೆ ಹೇಳಿಕೊಂಡರು. ಬಾವಿಯ ಗಾಳಿ ಎಷ್ಟು ಮಾರಿಗೆ ಉಸಿರು ಕಟ್ಟುತ್ತದೆ ಎಂದು ಬಲ್ಲವರಿಗೆ ಆ ಲೆಕ್ಕ ನನಗಿಂತ ಚೆನ್ನಾಗಿ ತಿಳಿಯುತ್ತದೆ. ನಮ್ಮಲ್ಲಿ ಈಗ ಮಾರಿನ ಮಾತು ಕಡಿಮೆಯಾಗಿದೆ. ಕೊಳವೆಬಾವಿ ಬಂದು ಎಂಟುನೂರು ಅಡಿ, ಸಾವಿರ ಅಡಿ ಎನ್ನುವುದು ಶುರುವಾದ ಮೇಲೆ ಯಾರೂ ಕೈ ಚಾಚುವುದಿಲ್ಲ. ಹಡಗಿನ ನಕಾಶೆಗಳಲ್ಲೂ ಈಗ ಬಹುಪಾಲು ಮೀಟರೇ ಎಂದು ತಮ್ಮ ಹೇಳಿದ. ಎರಡು ಕಡೆಯೂ ಒಂದೇ ಅಳತೆ ಹುಟ್ಟಿ, ಎರಡು ಕಡೆಯೂ ಸರಿಸುಮಾರು ಒಂದೇ ಕಾಲಕ್ಕೆ ಹಿಂದೆ ಸರಿದಿದೆ. ಹೂವಿನಲ್ಲಿ ಮಾತ್ರ ಉಳಿದಿದೆ.

ಹಿನ್ನೀರಿನ ಅಂಚಿಗೆ ಬಂದೆವು. ಮೀನು ಹಿಡಿಯುವ ಹಿರಿಯರೊಬ್ಬರು ಹರಿಗೋಲು ದಡಕ್ಕೆ ಎಳೆದಿದ್ದರು. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿದದ್ದು. ಒಂದು ಹುಟ್ಟು, ಹಗ್ಗ ಕಟ್ಟಿದ ಒಂದು ಗುಂಡುಕಲ್ಲು.

“ಇದೇ ಲಂಗರು” ಎಂದ ತಮ್ಮ, ಕಲ್ಲು ತೋರಿಸಿ. ಹಿರಿಯರಿಗೆ ಲಂಗರೆಂಬ ಮಾತು ಹೊಸದು. ಅವರು ಅದನ್ನು ಕಲ್ಲು ಎಂದೇ ಕರೆಯುವುದು. ಗಾಳಿ ಬಂದಾಗ ಕಲ್ಲು ಬಿಟ್ಟು ಕೂರ್ತೀನಿ ಎಂದರು. ಲಂಗರು ಪರ್ಷಿಯನ್ನರ ಮಾತು, ಬಂದರು ಕೂಡ. ಚುಕ್ಕಾಣಿ ಅರಬ್ಬರ ‘ಸುಕ್ಕಾನ್’. ಕುದುರೆ, ಖರ್ಜೂರದ ಜೊತೆ ಪಡುವಣ ಕಡಲಿನಿಂದ ಇಳಿದ ಪದಗಳು ಇವು. ನಮ್ಮ ಕಡೆಯಿಂದಲೂ ಹಾಗೇ ಪದ ಹತ್ತಿಸಿ ಕಳಿಸಿದ್ದಾರೆ: ತಮಿಳರ ಕಟ್ಟುಮರವೇ ಇಂಗ್ಲಿಷಿನ ಕ್ಯಾಟಮರಾನ್. ಕಟ್ಟಿದ ಮರ ಎಂದು ಬಿಡಿಸಿ ಹೇಳಿದಾಗ ಹುಡುಗಿ, “ಅದು ನಮ್ದೇ ಮಾತಲ್ವಾ ಮಿಸ್” ಎಂದಳು. ಹೌದು, ಕನ್ನಡದ ಕಿವಿಗೆ ಅದಕ್ಕೆ ಅರ್ಥ ಬರೆಸಬೇಕಿಲ್ಲ.

ಹಡಗಿನ ಎಡಬಲದ ವಿಷಯ ಬಂತು. ಹಡಗಿನಲ್ಲಿ ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್ ಎನ್ನುತ್ತಾರೆ. ಎಡ, ಬಲ ಎಂದೇ ಅನ್ನಬಾರದೇಕೆ ಎಂದು ನಾನು ಕೇಳಿದೆ. ಹಿಂದಕ್ಕೆ ತಿರುಗಿ ನಿಂತವನ ಎಡ ಬೇರೆ ಆಗುತ್ತದೆ, ಹಡಗಿನ ಎಡ ಬದಲಾಗಬಾರದು ಎಂದು ತಮ್ಮ ವಿವರಿಸುತ್ತಿದ್ದಂತೆ ಅಪ್ಪ, “ಎಡಗೋಲು, ಬಲಗೋಲು” ಎಂದರು. ಎಡಗೋಲಿನ ಎತ್ತು ಎಂದರೆ ನೊಗದ ಎಡಕ್ಕೆ ಹೂಡುವ ಎತ್ತು. ನಾವು ಯಾವ ಕಡೆ ಮುಖ ಮಾಡಿ ನಿಂತರೂ ಅದು ಎಡಗೋಲೇ. ತಮ್ಮ ಎಂಟು ವರ್ಷ ಹಡಗಿನಲ್ಲಿ ದುಡಿದವನು. ಇಷ್ಟು ಸಲೀಸಾಗಿ ಇದನ್ನು ತನಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದ.

ಕೊನೆಗೆ ಚುಕ್ಕಾಣಿ. ಹರಿಗೋಲಿಗೆ ಅದಿಲ್ಲ, ದುಂಡನೆಯ ಬುಟ್ಟಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಕೋಡಿಯ ನೀರು ಕೆಳಗೆ ಹೋಗಿ ಸಮನಾಗಿ ಹರಿಯುವ ಕಡೆ, ಮೊಣಕಾಲುದ್ದದ ಅಂಚಿನಲ್ಲಿ ತಮ್ಮ ಹುಡುಗಿಯನ್ನು ನಿಲ್ಲಿಸಿ ಕೈಗೊಂದು ಹಲಗೆ ತುಂಡು ಕೊಟ್ಟ. ನೀರು ಹರಿಯುವ ನೇರಕ್ಕೆ ಹಿಡಿ ಎಂದ. ಹಲಗೆ ಸುಮ್ಮನಿತ್ತು. ಈಗ ಸ್ವಲ್ಪ ಓರೆ ಮಾಡು ಎಂದ. ಓರೆ ಮಾಡಿದ್ದೇ ತಡ, ನೀರು ಹಲಗೆಯನ್ನೂ ಅವಳ ಕೈಯನ್ನೂ ಪಕ್ಕಕ್ಕೆ ಒಯ್ದಿತು. ಅವ್ವ ಓಡಿ ಬಂದು ರಟ್ಟೆ ಹಿಡಿದುಕೊಂಡರು.

“ಅಷ್ಟೇ. ಈ ಹಲಗೇನ ಹಡಗಿನ ಹಿಂಬದೀಲಿ ನೀರೊಳಗೆ ನಿಲ್ಸಿರ್ತಾರೆ. ಓರೆ ಮಾಡಿದ್ರೆ ನೀರು ಹಿಂಭಾಗಾನ ಒಂದ್ಕಡೆ ತಳ್ತೈತೆ, ಮೂತಿ ಇನ್ನೊಂದ್ಕಡೆ ತಿರುಗ್ತೈತೆ.”

“ಹಿಂದೆ ಇರ್ತೈತೆ ಮಿಸ್” ಎಂದಳು ಹುಡುಗಿ. ನಾನೂ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಹಲಗೆ ಹಿಡಿದೆ. ನೀರಿನ ಆ ಒತ್ತಡ ಈಗಲೂ ನನ್ನ ಅಂಗೈಯಲ್ಲಿದೆ. ಅಪ್ಪನಿಗೆ ಅದು ನೇಗಿಲ ಮೇಳಿಯ ಹಾಗೆ ಕಂಡಿತು. ಎಳೆಯುವುದು ಮುಂದಿನ ಎತ್ತು, ಸಾಲು ತಿದ್ದುವುದು ಹಿಂದಿನ ಕೈ. ಸಾಧನ ಎಂಬ ಒಂದೇ ಮಾತಿನಲ್ಲಿ ಹದಿನೆಂಟು ವರ್ಷ ನಾನು ಎಷ್ಟು ಮಕ್ಕಳಿಗೆ ಇದನ್ನು ಮುಚ್ಚಿಟ್ಟೆ ಎಂದು ನೆನೆದರೆ ಸಂಕಟವಾಗುತ್ತದೆ.

ಅಪ್ಪನ ಬಾವಿ ಹಗ್ಗ ಕಾರಿನಲ್ಲಿತ್ತು. ಹಡಗಿನ ವೇಗಕ್ಕೆ ನಾಟ್, ಅಂದರೆ ಗಂಟು, ಎನ್ನುವುದು ಏಕೆಂದು ತಮ್ಮ ಅದರಲ್ಲೇ ತೋರಿಸಿದ. ಹಿಂದೆ ಹಗ್ಗದ ತುದಿಗೆ ಮರದ ತುಂಡು ಕಟ್ಟಿ ಹಡಗಿನಿಂದ ಎಸೆದು, 28 ಸೆಕೆಂಡಿನ ಮರಳ ಗಡಿಯಾರ ತಿರುವಿಡುತ್ತಿದ್ದರು. ಹಗ್ಗದಲ್ಲಿ 47 ಅಡಿ 3 ಇಂಚಿಗೆ ಒಂದೊಂದು ಗಂಟು. ಮರಳು ಮುಗಿಯುವಷ್ಟರಲ್ಲಿ ಎಷ್ಟು ಗಂಟು ಕೈ ಜಾರಿ ಹೋದವೋ ಅದೇ ವೇಗ. ಒಂದು ನಾಟ್ ಎಂದರೆ ಗಂಟೆಗೆ 1,852 ಮೀಟರ್. ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿ, “ಎಂಟು ಮಾರಿಗೆ ಒಂಬತ್ತು ಇಂಚು ಕಮ್ಮಿ” ಎಂದು ಹೇಳಿ ಮಾರು ಹಾಕತೊಡಗಿದರು. ನಮ್ಮ ಹಗ್ಗ ಎರಡೇ ಗಂಟಿಗೆ ಸಾಕಾಯಿತು. ಇಲ್ಲಿ ಹಡಗಿಲ್ಲ, ಓಡುವುದು ನೀರು, ಲೆಕ್ಕ ಅದೇ. ನಾನು ಮೊಬೈಲಿನಲ್ಲಿ ಸೆಕೆಂಡು ಎಣಿಸಿದೆ. ಹುಡುಗಿ ಹಗ್ಗ ಬಿಟ್ಟಳು. ಇಪ್ಪತ್ತು ಎನ್ನುವಾಗ ಮೊದಲ ಗಂಟು ಅವಳ ಬೆರಳು ದಾಟಿತು. ಇಪ್ಪತ್ತೆಂಟಕ್ಕೆ ನಿಲ್ಲಿಸಿದಾಗ ಎರಡನೆಯದು ಇನ್ನೂ ದೂರವಿತ್ತು.

“ಒಂದೂವರೆಗೂ ಕಮ್ಮಿ ಮಿಸ್! ಈ ನೀರು ಎಲ್ಲಿಗೆ ಹೋಗ್ತೈತೆ?”

ಸಮುದ್ರಕ್ಕೇ. ಆದರೆ ಹತ್ತಿರದ ಪಡುವಣಕ್ಕಲ್ಲ. ವೇದಾವತಿ ಬಳ್ಳಾರಿ ಕಡೆ ಹಗರಿಯೆಂಬ ಹೆಸರು ಹೊತ್ತು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ.

ವಾಪಸ್ಸು ಬರುವಾಗ ಇಳಿಹೊತ್ತು. ಮರಡಿಹಳ್ಳಿಯ ಬಂಡೆಗಳ ಹತ್ತಿರ ಕಾರು ನಿಲ್ಲಿಸಿ ಎಂದು ಕೇಳಿದ್ದು ನಾನು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಹುಡುಗಿಗೆ ಇದು ಆಡು ಮೇಯಿಸುವ ಜಾಗ. ದಿಂಬನ್ನೋ ಮೂಟೆಯನ್ನೋ ಒಂದರ ಮೇಲೊಂದು ಒಟ್ಟಿದ ಹಾಗಿರುವ ಈ ಕಲ್ಲುಗಳನ್ನು ದಿಂಬು ಲಾವಾ ಎನ್ನುತ್ತಾರೆ. ಕರಗಿದ ಬಂಡೆ ನೀರಿನೊಳಗೇ ಉಕ್ಕಿದಾಗ ಮಾತ್ರ ಈ ಆಕಾರ ಬರುತ್ತದೆ. ಉಕ್ಕಿದ್ದರ ಹೊರಮೈ ತಣ್ಣೀರು ತಾಗಿ ತಕ್ಷಣ ಹೆಪ್ಪುಗಟ್ಟುತ್ತದೆ, ಒಳಗೆ ಇನ್ನೂ ಕುದಿಯುತ್ತಿರುತ್ತದೆ. ಅದು ಸಿಪ್ಪೆ ಒಡೆದು ಹೊರಬಂದು ಮತ್ತೊಂದು ದಿಂಬಾಗುತ್ತದೆ. ಈಗಲೂ ಅಟ್ಲಾಂಟಿಕ್‌ನ ನಡುತಳದಲ್ಲಿ ಇದೇ ನಡೆದಿದೆ. ಇಲ್ಲಿಯದು ಸುಮಾರು 250 ಕೋಟಿ ವರ್ಷ ಹಳೆಯದು. ಆಗಿನ ಕಡಲಲ್ಲಿ ಮೀನಿರಲಿಲ್ಲ, ಕಣ್ಣಿಗೆ ಕಾಣುವ ಯಾವ ಪ್ರಾಣಿಯೂ ಇರಲಿಲ್ಲ.

ತಮ್ಮ ಚಪ್ಪಲಿ ಬಿಟ್ಟು ಬಂಡೆ ಹತ್ತಿದ. ಎಷ್ಟೋ ಕಡಲಿನ ಮೇಲೆ ಓಡಾಡಿದವನು ಕಡಲ ತಳದ ಮೇಲೆ ನಿಂತದ್ದು ಇದೇ ಮೊದಲು, ಅದೂ ತನ್ನೂರ ಪಕ್ಕದಲ್ಲಿ. ಅವನು ಒಂದು ಮಾತೂ ಆಡಲಿಲ್ಲ. ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ತನ್ನಡಿಯ ದಿಂಬುಗಳ ಸಂದಿಗೆ ಇಳಿದು ಚೂಪಾಗಿರುತ್ತದೆ. ಅದನ್ನು ನೋಡಿ ಕಡಲಿನ ಮೇಲ್ಮೈ ಯಾವ ಕಡೆಗಿತ್ತೆಂದು ಹೇಳಬಹುದು ಎಂದು ನಾನು ಹುಡುಗಿಗೆ ತೋರಿಸಿದೆ. ಆಕೆ ಒಂದೊಂದೇ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು “ಇದು ತಲೆ, ಇದು ಅಡಿ” ಎನ್ನುತ್ತಾ ಹೋದಳು. ಕತ್ತಲಾಗುತ್ತಿತ್ತು. ನಾಳೆಯ ಹೂವು ಬಿಡಿಸಬೇಕೆಂದು ಅವ್ವ ಎರಡು ಸಲ ಕೂಗಿದರು.

ಸೋಮವಾರ ಚುಕ್ಕಾಣಿಯ ಚಿತ್ರವನ್ನು ಬೋರ್ಡಿನ ಮೇಲೆ ಬರೆದದ್ದು ಆಕೆಯೇ. ಅಪ್ಪನ ಹಗ್ಗವನ್ನು ಅಂದೇ ಕೇಳಿ ತೆಗೆದುಕೊಂಡು ಹೋದಳು, ಇನ್ನೂ ವಾಪಸ್ಸು ಬಂದಿಲ್ಲ. ಹೂವಿನ ಮೂಟೆ ಕಟ್ಟುವ ಹಳೆಯ ಹಗ್ಗವನ್ನು ಅದಕ್ಕೆ ಸೇರಿಸಿ ಮೂರನೆಯ ಗಂಟು ಹಾಕಿದ್ದಾಳಂತೆ.