ಆ ಪಟ್ಟೆ ಮರ ಹಾಕಿದರೆ ಸೌಂಡ್ ಚೆನ್ನಾಗಿ ಬರುತ್ತಾ?

ನಾನು ಕಟ್ಟಿದ ಎಲೆಕ್ಟ್ರಿಕ್ ಗಿಟಾರನ್ನು ಯಾರ ಕೈಗೆ ಕೊಟ್ಟರೂ ಮೊದಲು ನುಡಿಸುವುದಿಲ್ಲ. ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತಾರೆ. ಮೇಲಿನ ಪಟ್ಟೆಗಳು ಸರಿದಾಡುತ್ತವೆ. ಕಪ್ಪಗಿದ್ದದ್ದು ಹೊಳೆಯುತ್ತದೆ, ಹೊಳೆಯುತ್ತಿದ್ದದ್ದು ಕಪ್ಪಗಾಗುತ್ತದೆ. ಆಮೇಲೆ ಎರಡು ಪ್ರಶ್ನೆ ಬರುತ್ತವೆ. ಒಂದು, "ಇದು ಪೇಂಟಾ, ಸ್ಟಿಕ್ಕರಾ?" ಇನ್ನೊಂದು, "ಈ ಮರ ಹಾಕಿದರೆ ಸೌಂಡ್ ಜಾಸ್ತಿ ಚೆನ್ನಾಗಿ ಬರುತ್ತಾ?"

ಮೊದಲನೆಯದಕ್ಕೆ ಉತ್ತರ ಸುಲಭ. ಎರಡೂ ಅಲ್ಲ, ಅದು ಮರ. ನಾನು ಸಾಮಾನ್ಯವಾಗಿ ಬಳಸುವುದು ಮೇಪಲ್. ಕೆಲವು ಮೇಪಲ್ ಮರಗಳಲ್ಲಿ ನಾರು ನೆಟ್ಟಗೆ ಬೆಳೆಯುವುದಿಲ್ಲ, ತಗಡಿನ ಶೀಟಿನ ಹಾಗೆ ಅಲೆಅಲೆಯಾಗಿ ಬೆಳೆಯುತ್ತದೆ. ಅಂಥ ಹಲಗೆಯನ್ನು ಎಷ್ಟೇ ನುಣ್ಣಗೆ ಕೀಸಿದರೂ ಸಪಾಟಾಗುವುದು ಮೇಲ್ಮೈ ಮಾತ್ರ, ಒಳಗಿನ ನಾರಲ್ಲ. ಒಂದು ಕಡೆ ನಾರಿನ ಬೆನ್ನು ಕಾಣುತ್ತದೆ, ಪಕ್ಕದಲ್ಲೇ ಅದರ ಕತ್ತರಿಸಿದ ತುದಿ ಕಾಣುತ್ತದೆ. ಬೆನ್ನು ಬೆಳಕನ್ನು ವಾಪಸ್ ಕೊಡುತ್ತದೆ, ತುದಿ ನುಂಗಿಬಿಡುತ್ತದೆ. ಗಿಟಾರ್ ತಿರುಗಿಸಿದಾಗ ಕೊಡುವ ಜಾಗ, ನುಂಗುವ ಜಾಗ ಅದಲುಬದಲಾಗುತ್ತವೆ. ಅಷ್ಟೇ ಮ್ಯಾಜಿಕ್. ಅಡ್ಡ ಪಟ್ಟೆಗಳಿದ್ದರೆ ಅದು ಫ್ಲೇಮ್. ಪಿಟೀಲಿನ ಬೆನ್ನಲ್ಲಿ ಕಾಣುವುದೂ ಇದೇ. ಸಣ್ಣ ಸಣ್ಣ ದಿಂಬುಗಳನ್ನು ಒತ್ತೊತ್ತಾಗಿ ಇಟ್ಟಂತೆ ಕಂಡರೆ ಕ್ವಿಲ್ಟ್. ಫ್ಲೇಮ್ ಎದ್ದು ಕಾಣಬೇಕಾದರೆ ದಿಮ್ಮಿಯನ್ನು ನಡುವಿನಿಂದ ತೊಗಟೆಯ ಕಡೆಗೆ, ಅಂದರೆ ಕ್ವಾರ್ಟರ್ ಸಾನ್ ಆಗಿ ಕೊಯ್ಯಬೇಕು. ಕ್ವಿಲ್ಟ್‌ಗೆ ಉಲ್ಟಾ, ಫ್ಲಾಟ್ ಸಾನ್ ಬೇಕು. ತಪ್ಪು ದಿಕ್ಕಿಗೆ ಕೊಯ್ದರೆ ಒಳಗಿನ ಚಂದ ಒಳಗೇ ಉಳಿಯುತ್ತದೆ.

ಎರಡನೆಯದಕ್ಕೆ ನನ್ನ ಉತ್ತರ: ಇಲ್ಲ. ಹಾಗಂದ ಕೂಡಲೇ ಕೇಳಿದವರ ಮುಖ ಸ್ವಲ್ಪ ಬಾಡುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಹೇಳುತ್ತೇನೆ.

ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್ ಮೈಕ್ ಅಲ್ಲ. ಅದು ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿರುವ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಆಂಪ್ಲಿಫೈಯರ್‌ಗೆ ಹೋಗುವುದು ಅದು. ಮರದ ಕೆಲಸ ತಂತಿಯ ಎರಡು ತುದಿಗಳನ್ನು ಅಲುಗದಂತೆ ಹಿಡಿದುಕೊಂಡಿರುವುದು. ಹಿಡಿತ ಸಡಿಲವಾದರೆ ನಾದ ಬೇಗ ಸಾಯುತ್ತದೆ, ನಿಜ. ಆದರೆ ಅದರಲ್ಲೂ ನೆಕ್‌ನದೇ ದೊಡ್ಡ ಪಾತ್ರ. ಬಾಡಿ ದಪ್ಪ ಹಲಗೆ, ನೆಕ್ ಉದ್ದನೆಯ ತೆಳ್ಳನೆಯ ಕೋಲು. ಯಾವುದು ಜಾಸ್ತಿ ಅಲುಗುತ್ತದೆ ಅಂತ ನೀವೇ ಹೇಳಿ.

ಲೆಸ್ ಪಾಲ್ ಅನ್ನುವ ಗಿಟಾರ್ ವಾದಕರ ಕತೆ ಇಲ್ಲಿ ಹೇಳಲೇಬೇಕು. 1940ರ ಸುಮಾರಿಗೆ ಅವರು ನಾಲ್ಕಿಂಚು ದಪ್ಪದ ಒಂದು ಮರದ ತೊಲೆಗೆ ನೆಕ್, ಪಿಕಪ್, ತಂತಿ ಜೋಡಿಸಿ ನುಡಿಸಿದರು. ಅದರ ಹೆಸರೇ ಲಾಗ್, ಅಂದರೆ ದಿಮ್ಮಿ. ಆಮೇಲೆ ಒಂದು ಎಪಿಫೋನ್ ಗಿಟಾರನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ತೊಲೆಯ ಎರಡು ಬದಿಗೆ ರೆಕ್ಕೆಯ ಹಾಗೆ ಸಿಕ್ಕಿಸಿದರು. ನಾದ ಬರುತ್ತಿದ್ದದ್ದು ತೊಲೆಯಿಂದಲೇ. ರೆಕ್ಕೆ ಬೇಕಿದ್ದದ್ದು ನೋಡುವವರಿಗೆ. ನನಗೆ ಈ ಕತೆ ತುಂಬಾ ಇಷ್ಟ. ಬಾಡಿಯ ಮೇಲೆ ಅಂಟಿಸುವ ಮೇಪಲ್ ಹಲಗೆ, ಅಂದರೆ ಟಾಪ್ ಕೂಡ ಒಂದು ಥರ ರೆಕ್ಕೆಯೇ.

ಅವರ ಹೆಸರಿನ ಗಿಟಾರನ್ನು ಗಿಬ್ಸನ್ ಕಂಪನಿ 1952ರಲ್ಲಿ ಮಾರುಕಟ್ಟೆಗೆ ತಂದಿತು. ಮಹಾಗನಿ ಬಾಡಿ, ಮೇಲೆ ಮೇಪಲ್. ಆದರೆ ಆ ಮೇಪಲ್ ಕಾಣುತ್ತಲೇ ಇರಲಿಲ್ಲ. ಮೇಲೆ ಚಿನ್ನದ ಬಣ್ಣ ಬಳಿದಿದ್ದರು. 1958ರಲ್ಲಿ ಚೆರ್ರಿ ಸನ್‌ಬರ್ಸ್ಟ್ ಅನ್ನುವ ಪಾರದರ್ಶಕ ಬಣ್ಣ ಬಂದಾಗ ಮರ ಹೊರಗೆ ಕಂಡಿತು. 1960ರವರೆಗಿನ ಆ ಗಿಟಾರ್‌ಗಳಲ್ಲಿ ಕೆಲವಕ್ಕೆ ಹುಲಿಯಂಥ ಪಟ್ಟೆ, ಕೆಲವಕ್ಕೆ ಏನೂ ಇಲ್ಲ, ಬರೀ ಸಾದಾ. ಆಗ ಎರಡೂ ಒಂದೇ ಮಾಡೆಲ್. ಇವತ್ತು ಪಟ್ಟೆ ಜೋರಾಗಿರುವುದಕ್ಕೇ ಸಂಗ್ರಹಕಾರರು ಮುಗಿಬೀಳುತ್ತಾರೆ. 1985ರಲ್ಲಿ ಶುರುವಾದ ಪಿಆರ್‌ಎಸ್ ಕಂಪನಿಯಂತೂ ಪಟ್ಟೆ ಮರವನ್ನೇ ತನ್ನ ಗುರುತು ಮಾಡಿಕೊಂಡಿತು. ಇನ್ನೊಂದು ತುದಿಯಲ್ಲಿ 1950ರ ದಶಕದ ಡ್ಯಾನೆಲೆಕ್ಟ್ರೋ ಗಿಟಾರ್‌ಗಳಿವೆ. ಮರದ ಚೌಕಟ್ಟಿನ ಮೇಲೆ ಕೆಳಗೆ ಹಾರ್ಡ್‌ಬೋರ್ಡ್, ಮರದ ನಾರನ್ನು ಒತ್ತಿ ಮಾಡಿದ ಅಗ್ಗದ ಹಲಗೆ. ಅವುಗಳ ಸೌಂಡಿಗೆ ಇವತ್ತಿಗೂ ಅಭಿಮಾನಿಗಳಿದ್ದಾರೆ.

ನಾನೂ ಒಮ್ಮೆ ಪರೀಕ್ಷೆ ಮಾಡಿ ನೋಡಿದೆ. ಒಂದೇ ನೆಕ್, ಒಂದೇ ಪಿಕಪ್, ಒಂದೇ ಬ್ರಿಡ್ಜ್, ಅಂದರೆ ಬಾಡಿಯ ಮೇಲೆ ತಂತಿಗಳು ಕೂರುವ ಭಾಗ. ಮೊದಲು ಸಾದಾ ಬಾಡಿ, ಆಮೇಲೆ ಫ್ಲೇಮ್ ಬಾಡಿ. ಗೆಳೆಯರನ್ನು ಬೆನ್ನು ಹಾಕಿ ಕೂರಿಸಿ ನುಡಿಸಿದೆ. ಯಾವುದು ಯಾವುದು ಅಂತ ಯಾರಿಗೂ ಖಚಿತವಾಗಿ ಹೇಳಲು ಆಗಲಿಲ್ಲ. ಇದನ್ನು ವಿಜ್ಞಾನ ಅನ್ನಬೇಡಿ. ಬಾಡಿ ಬದಲಿಸಲು ಒಂದು ಗಂಟೆ ಹಿಡಿಯಿತು, ಅಷ್ಟರಲ್ಲಿ ಮೊದಲು ಕೇಳಿದ್ದು ಯಾರ ಕಿವಿಯಲ್ಲಿ ಉಳಿದಿರುತ್ತದೆ? ಆದರೂ ಒಂದು ಗಂಟೆಯಲ್ಲಿ ಮರೆತುಹೋಗುವಂಥ ವ್ಯತ್ಯಾಸಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಪಿಕಪ್ ಬದಲಿಸಿದರೆ ಅಡುಗೆಮನೆಯಲ್ಲಿರುವವರಿಗೂ ಗೊತ್ತಾಗುತ್ತದೆ.

ಹಾಗಾದರೆ ಯಾಕೆ ಹಾಕುತ್ತೀಯ ಅಂತ ಮುಂದಿನ ಪ್ರಶ್ನೆ. ಕಣ್ಣಿಗೆ. ಕಣ್ಣಿಗೆ ಹಿಡಿಸಿದ ಗಿಟಾರನ್ನು ಜನ ಜಾಸ್ತಿ ಹೊತ್ತು ನುಡಿಸುತ್ತಾರೆ. ಇದಕ್ಕಿಂತ ಒಳ್ಳೆಯ ಕಾರಣ ನನಗೆ ಬೇಕಿಲ್ಲ.

ಆದರೆ ಪಟ್ಟೆ ಮರ ಸೌಂಡ್ ಬದಲಿಸದಿದ್ದರೂ ಕೆಲಸವನ್ನು ಪೂರ್ತಿ ಬದಲಿಸುತ್ತದೆ. ಅದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ.

ಮೊದಲು ಹಲಗೆ. ಒಂದೇ ಹಲಗೆಯನ್ನು ದಪ್ಪದಲ್ಲಿ ಎರಡಾಗಿ ಸೀಳಿ ಪುಸ್ತಕದ ಹಾಗೆ ಬಿಡಿಸಿದರೆ ಎಡ ಬಲ ಕನ್ನಡಿಯಂತೆ ಹೊಂದುತ್ತವೆ. ಇದೇ ಬುಕ್‌ಮ್ಯಾಚ್. ಕೆತ್ತಿ ಉಬ್ಬು ಕೊಡುವ ಟಾಪ್ ಆದರೆ 16ರಿಂದ 19 ಮಿಲಿಮೀಟರ್ ದಪ್ಪ ಇರಲಿ. ಚಪ್ಪಟೆ ಟಾಪ್‌ಗೆ 6 ಸಾಕು. ಸೀಳಿದ ಮೇಲೆ ಆತುರ ಬೇಡ. ಒಳಗಿನ ಬಿಗಿ ಸಡಿಲವಾಗಿ ಹಲಗೆ ಬಾಗುತ್ತದೆ. ಮಧ್ಯೆ ಗಾಳಿಯಾಡುವಂತೆ ಪಟ್ಟಿ ಇಟ್ಟು, ಮೇಲೆ ಭಾರ ಹೇರಿ ಕೆಲವು ವಾರ ಸುಮ್ನೆ ಬಿಡುತ್ತೇನೆ. ತೇವಾಂಶ ಶೇಕಡ 6ರಿಂದ 8ರ ಆಸುಪಾಸಿಗೆ ಬಂದರೆ ನೆಮ್ಮದಿ.

ಆಮೇಲೆ ನಡುವಿನ ಜೋಡು. ಗಿಟಾರ್‌ನ ಮಧ್ಯರೇಖೆಯೇ ಅದು. ನೆಕ್, ಪಿಕಪ್, ಬ್ರಿಡ್ಜ್ ಎಲ್ಲವೂ ಅದನ್ನೇ ನೋಡಿಕೊಂಡು ಕೂರುತ್ತವೆ. ಎರಡು ಅಂಚುಗಳನ್ನು ಕೀಸುಳಿಯಿಂದ ನೇರ ಮಾಡಿ, ಒಂದರ ಮೇಲೊಂದು ನಿಲ್ಲಿಸಿ, ಹಿಂದೆ ದೀಪ ಹಿಡಿದು ನೋಡುತ್ತೇನೆ. ಕೂದಲೆಳೆಯಷ್ಟು ಬೆಳಕು ಬಂದರೂ ಮತ್ತೆ ಕೀಸು. ಕ್ಲಾಂಪ್ ಬಿಗಿದು ಸಂದಿ ಮುಚ್ಚಿಬಿಡೋಣ ಅನ್ನಿಸುತ್ತದೆ. ಬೇಡ. ಸಿಕ್ಕಾಪಟ್ಟೆ ಬಿಗಿದರೆ ಅಂಟೆಲ್ಲ ಹೊರಗೆ ಹೋಗುತ್ತದೆ, ಒಳಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ಟಾಪನ್ನು ಬಾಡಿಗೆ ಅಂಟಿಸುವ ಮೊದಲು ಎರಡರ ನಾರೂ ಒಂದೇ ದಿಕ್ಕಿಗಿದೆಯಾ ನೋಡಿ. ಮರ ಹವೆಗೆ ತಕ್ಕಂತೆ ಅಗಲದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ದಿಕ್ಕು ಒಂದೇ ಇದ್ದರೆ ಎರಡೂ ಜೊತೆಗೆ ಹಿಗ್ಗುತ್ತವೆ. ವೈರ್ ಹೋಗುವ ಕಾಲುವೆ, ತೂಕ ಇಳಿಸುವ ಗುಳಿ, ಇವನ್ನೂ ಈಗಲೇ ಕೊರೆಯಬೇಕು. ಅಂಟಿಸಿದ ಮೇಲೆ ನೆನಪಾದರೆ ಉದ್ದನೆಯ ಡ್ರಿಲ್ ಬಿಟ್ಟೇ ಗತಿ. ಅನುಭವದ ಮಾತು.

ಇನ್ನು ರೌಟರ್, ತಿರುಗುವ ಬಿಟ್‌ನಿಂದ ಮರದ ಅಂಚು ಕೊರೆಯುವ ಯಂತ್ರ. ಎಲ್ಲಕ್ಕಿಂತ ಜಾಸ್ತಿ ಹೆದರುವುದು ನಾನು ಇದಕ್ಕೇ. ನೆಟ್ಟಗಿನ ನಾರಿನ ಮರವನ್ನು ಬೆಕ್ಕಿನ ಮೈ ಸವರಿದಂತೆ ಸವರಬಹುದು, ಒಂದು ದಿಕ್ಕು ಸರಿ, ಒಂದು ದಿಕ್ಕು ತಪ್ಪು. ಅಲೆಯಾದ ನಾರಿನಲ್ಲಿ ಪ್ರತಿ ಅರ್ಧ ಇಂಚಿಗೂ ದಿಕ್ಕು ಬದಲಾಗುತ್ತದೆ. ಎಲ್ಲಿ ಸವರಿದರೂ ಎಲ್ಲೋ ಒಂದು ಕಡೆ ಎದುರು ಬೀಳುತ್ತೀರಿ. ನನ್ನ ಎರಡನೇ ಫ್ಲೇಮ್ ಗಿಟಾರ್‌ನಲ್ಲಿ ಕೆಳಗಿನ ಕೊಂಬಿನ, ಅಂದರೆ ನೆಕ್ ಪಕ್ಕ ಬಾಡಿ ಚಾಚಿಕೊಂಡಿರುವ ಭಾಗದ ತುದಿಗೆ ಬಂದಿದ್ದೆ. ಬಿಟ್ ಮೊಂಡಾಗಿತ್ತು, ಬದಲಿಸಲು ಸೋಮಾರಿತನ. ಹೊರಗೆ ಐದು ಮಿಲಿಮೀಟರ್ ಮರ ಬಿಟ್ಟಿದ್ದೆ, ಅದನ್ನೂ ಒಂದೇ ಸಲಕ್ಕೆ ತೆಗೆಯಲು ಹೋದೆ. ಟಪ್ ಅಂತ ಸದ್ದು. ಹೆಬ್ಬೆರಳಿನಷ್ಟು ಚೂರು ಎಗರಿ ಹೋಯಿತು. ಎದೆ ಧಸಕ್ ಅಂದಿತು.

ಆವತ್ತು ಮಾಡಿದ ಒಂದೇ ಒಂದು ಒಳ್ಳೆ ಕೆಲಸ ಅಂದರೆ ಕಸ ಗುಡಿಸದೇ ಇದ್ದದ್ದು. ಮೊಣಕಾಲೂರಿ ಮರದ ಪುಡಿಯಲ್ಲಿ ಕೈಯಾಡಿಸುತ್ತಾ ಒಂದು ಗಂಟೆ ಹುಡುಕಿದೆ. ಮೇಜಿನ ಕಾಲಿನ ಹಿಂದೆ ಚೂರು ಸಿಕ್ಕಿತು. ಮುರಿದ ಜಾಗಕ್ಕೆ ಅದರದೇ ಚೂರು ಕೂತಷ್ಟು ಚೆನ್ನಾಗಿ ಬೇರೆ ಯಾವುದೂ ಕೂರುವುದಿಲ್ಲ. ಅಂಟಿಸಿ ಟೇಪ್ ಸುತ್ತಿ ಒಂದು ದಿನ ಬಿಟ್ಟೆ. ಈಗ ಎಲ್ಲಿ ಅಂತ ತೋರಿಸಿದರೆ ಮಾತ್ರ ಕಾಣುತ್ತದೆ. ಅಲ್ಲಿಂದೀಚೆಗೆ ಗರಗಸದಲ್ಲೇ ಗೆರೆಯಿಂದ ಒಂದು ಮಿಲಿಮೀಟರ್ ಹತ್ತಿರಕ್ಕೆ ಕೊಯ್ಯುತ್ತೇನೆ. ಹೊಸ ಬಿಟ್ ಹಾಕುತ್ತೇನೆ. ಸ್ವಲ್ಪ ಸ್ವಲ್ಪವೇ ಆಳಕ್ಕೆ ಹೋಗುತ್ತೇನೆ. ಕೊಂಬು ಬಂದಾಗ ಮಾತಾಡಿಸಲು ಬಂದವರನ್ನು ಹೊರಗೆ ಕಳಿಸುತ್ತೇನೆ.

ಮೇಲ್ಮೈ ನುಣುಪು ಮಾಡಲು ಕೀಸುಳಿಗಿಂತ ಸ್ಕ್ರೇಪರ್ ವಾಸಿ. ಒಂದು ತೆಳು ಉಕ್ಕಿನ ಹಾಳೆ, ಅಂಚಿನಲ್ಲಿ ಸಣ್ಣ ಕೊಕ್ಕೆ. ನಾರು ಯಾವ ದಿಕ್ಕಿಗಿದ್ದರೂ ಸಿಬಿರು ಏಳುವುದು ಕಡಿಮೆ. ಆಮೇಲೆ ಸ್ಯಾಂಡ್ ಪೇಪರ್, 120ರಿಂದ 220ರವರೆಗೆ. ಮಾಸ್ಕ್ ಮರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. "ಮರ ತಾನೇ, ನೈಸರ್ಗಿಕ" ಅನ್ನುವವರಿಗೆ ಇದನ್ನು ಹೇಳಿ.

ಬಣ್ಣದ ಹೊತ್ತಿಗೆ ಹಿಂದಿನ ಪಾಪಗಳೆಲ್ಲ ಹೊರಗೆ ಬರುತ್ತವೆ. ಇಲ್ಲಿ ಬೇಕಾದದ್ದು ಡೈ, ಪೇಂಟ್ ಅಲ್ಲ. ಪೇಂಟಿನ ಕಣಗಳು ಮೇಲೆ ಕೂತು ಪಟ್ಟೆಯನ್ನು ಮುಚ್ಚುತ್ತವೆ. ಡೈ ನಾರಿನೊಳಗೆ ಇಳಿಯುತ್ತದೆ, ಬೆಳಕನ್ನು ತಡೆಯುವುದಿಲ್ಲ. ಮೊದಲು ಇಡೀ ಟಾಪ್‌ಗೆ ಕಪ್ಪು ಡೈ ಬಳಿಯುತ್ತೇನೆ. ನೋಡಿದವರು ಗಾಬರಿಯಾಗುತ್ತಾರೆ. ಒಣಗಿದ ಮೇಲೆ ಉಜ್ಜಿ ತೆಗೆದರೆ ನಾರಿನ ಬೆನ್ನು ಇದ್ದ ಕಡೆ ಕಪ್ಪು ಹೋಗುತ್ತದೆ, ತುದಿ ಇದ್ದ ಕಡೆ ಆಳಕ್ಕೆ ಇಳಿದು ಉಳಿಯುತ್ತದೆ. ಅದರ ಮೇಲೆ ಹಳದಿಯೋ ನೀಲಿಯೋ ಹಾಕಿದಾಗ ಪಟ್ಟೆ ಎದ್ದು ನಿಲ್ಲುತ್ತದೆ.

ಆದರೆ ಎಲ್ಲಾದರೂ ಒಂದು ಬೆರಳಿನ ಅಂಟು ತಾಗಿದ್ದರೆ? ಅಲ್ಲಿ ಡೈ ಹಿಡಿಯುವುದಿಲ್ಲ. ಬೋಳು ಕಲೆ. ನನ್ನ ಮೊದಲ ಫ್ಲೇಮ್ ಟಾಪ್‌ನಲ್ಲಿ ಬ್ರಿಡ್ಜ್ ಪಕ್ಕದಲ್ಲೇ ನನ್ನ ಹೆಬ್ಬೆಟ್ಟಿನ ಗುರುತು ಬಿಳಿ ಬಿಳಿಯಾಗಿ ಎದ್ದು ಬಂತು. ಎಲ್ಲ ಕೆರೆದು ಮತ್ತೆ ಮೊದಲಿನಿಂದ ಶುರು. ಈಗ ಡೈಗೆ ಮುಂಚೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಓರೆ ಬೆಳಕಿನಲ್ಲಿ ನೋಡುತ್ತೇನೆ. ಅಂಟು ಇದ್ದರೆ ಆಗಲೇ ಕಾಣುತ್ತದೆ.

ಬಣ್ಣ ಹಾಕಿದ ಮೇಲೆ ಇನ್ನೊಂದು ದೂರು ಬರುತ್ತದೆ. "ಎಡಗಡೆ ಕಪ್ಪಗಿದೆ, ಬಲಗಡೆ ತೆಳುವಾಗಿದೆ, ಬಣ್ಣ ಸರಿ ಬಿದ್ದಿಲ್ಲ." ಗಿಟಾರನ್ನು ತಿರುಗಿಸಿ ತೋರಿಸುತ್ತೇನೆ. ಈಗ ಬಲ ಕಪ್ಪು, ಎಡ ತೆಳು. ಪುಸ್ತಕದ ಹಾಗೆ ಬಿಡಿಸಿದಾಗ ಒಂದು ಹೋಳು ಮಗುಚಿಕೊಂಡಿರುತ್ತದೆ, ಅದರ ನಾರು ಇನ್ನೊಂದಕ್ಕೆ ವಿರುದ್ಧವಾಗಿ ಓರೆಯಾಗಿರುತ್ತದೆ. ಬುಕ್‌ಮ್ಯಾಚ್‌ನ ಸ್ವಭಾವವೇ ಅದು. ಸರಿ ಮಾಡಲು ಆಗುವುದಿಲ್ಲ, ಮಾಡಲೂ ಬಾರದು.

ಮೇಲಿನ ವಾರ್ನಿಷ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆಳು ಪದರ, ತುಂಬಾ ಪದರ, ತುಂಬಾ ತಾಳ್ಮೆ.

ಇಷ್ಟು ಕೇಳಿದ ಮೇಲೂ ಕೆಲವರು ಕೇಳುತ್ತಾರೆ, "ನಾನು ಕಟ್ಟುವ ಮೊದಲ ಗಿಟಾರಿಗೇ ಹಾಕಲಾ?" ಬೇಡ. ಮೊದಲನೆಯದರಲ್ಲಿ ನೆಕ್ ಕೂರುವ ಗುಳಿ ಸಡಿಲವಾಗುತ್ತದೆ, ಪಿಕಪ್ ಗುಂಡಿ ಒಂದು ಕಡೆ ಜಾರುತ್ತದೆ. ಅದೆಲ್ಲ ಸಾದಾ ಮರದಲ್ಲೇ ಆಗಲಿ. ವೆನೀರ್ ಹಾಕುತ್ತೇನೆ ಅನ್ನುವವರೂ ಇದ್ದಾರೆ. ಅದು ಅರ್ಧ ಮಿಲಿಮೀಟರ್ ಚಿಲ್ಲರೆ ದಪ್ಪದ ಮರದ ಹಾಳೆ, ಒಂದು ನಿಮಿಷ ಜಾಸ್ತಿ ಉಜ್ಜಿದರೆ ಕೆಳಗಿನ ಅಂಟು ಕಾಣುತ್ತದೆ. ಗಿಬ್ಸನ್‌ನವರು 1952ರಲ್ಲಿ ಮಾಡಿದ್ದನ್ನೇ ಮಾಡಿ, ಪೂರ್ತಿ ಬಣ್ಣ ಬಳಿದುಬಿಡಿ. ನನ್ನ ಮೊದಲ ಗಿಟಾರ್ ಕಡುಗಪ್ಪು. ನೆಕ್ ಪಕ್ಕದಲ್ಲಿ ಎಷ್ಟು ಪುಟ್ಟಿ ತುಂಬಿದೆ ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ.